ಅಕ್ಕ ಆರಾಮಿದ್ದಾಳೆ ಎಂದ ವಾಚು

“ಅವ್ವ ಆರಾಮ ಅದಾಳಲ್ಲ ಮಾವಶಿ. ಈಗಷ್ಟ ವಾಕಿಂಗ್ ಮುಗಿಸ್ಯಾಳ. ನನ್ನ ಫೋನಿನಾಗ ಕಾಣಾಕತ್ತೈತಿ.”

ಹುಬ್ಬಳ್ಳಿಯಿಂದ ಹೀಗೆ ಹೇಳಿದವಳು ನನ್ನ ಅಕ್ಕನ ಮಗಳು ಪೂರ್ಣಿಮಾ. ಅವಳ ಅವ್ವ, ಅಂದರೆ ನನ್ನ ಅಕ್ಕ ಗಿರಿಜಾ, ಆ ಹೊತ್ತಿಗೆ ಬೆಳಗಾವಿ ರಸ್ತೆಯಲ್ಲಿ ಓಡುತ್ತಿದ್ದ ಕಾರಿನ ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಬಿದ್ದಿದ್ದಳು. ಕಣ್ಣು ತೆರೆಯುತ್ತಿರಲಿಲ್ಲ. ತುಟಿ ಸುಣ್ಣದ ಹಾಗೆ ಬೆಳ್ಳಗಾಗಿತ್ತು.

ಯಾರನ್ನು ನಂಬಬೇಕು? ತೊಡೆಯ ಮೇಲಿದ್ದ ಅಕ್ಕನನ್ನೋ, ಫೋನಿನೊಳಗಿನ ಅಕ್ಕನನ್ನೋ?

ಅವಳ ಎಡಗೈ ಎತ್ತಿ ನೋಡಿದೆ. ಹಸಿರು ಬಳೆಗಳಿದ್ದವು. ಹಂಚಿನ ಬಿಸಿ ತಾಗಿ ಆದ ಹಳೆಯ ಕಲೆಗಳಿದ್ದವು. ವಾಚು ಮಾತ್ರ ಇರಲಿಲ್ಲ.

ಆ ವಾಚು ನಿಮಗೂ ಪರಿಚಯದ್ದೇ. ‘ಬೈಲಹೊಂಗಲದಲ್ಲಿ ಕೂತು ಯರಗಟ್ಟಿಯ ಅಕ್ಕನ ನಾಡಿ ನೋಡುತ್ತೇನೆ’ ಎಂದು ಇದೇ ಅಂಕಣದಲ್ಲಿ ಜಂಬ ಕೊಚ್ಚಿದ್ದೆನಲ್ಲ, ಅದೇ ವಾಚು. ಓದಿದ ಕೆಲವರು ತಮ್ಮ ತಾಯಂದಿರಿಗೂ ಕೊಡಿಸಿದ್ದೇವೆ ಎಂದು ತಿಳಿಸಿದ್ದಿರಿ. ಇವತ್ತಿನದನ್ನು ಅವರು ದಯವಿಟ್ಟು ಕೊನೆಯವರೆಗೆ ಓದಬೇಕು.

ಅಕ್ಕನದು ಯರಗಟ್ಟಿಯಲ್ಲಿ ರೊಟ್ಟಿ ಕೇಂದ್ರ. ಮನೆಯ ಹಿತ್ತಲಿಗೆ ತಗಡು ಹೊದಿಸಿ, ಸಾಲಾಗಿ ಒಲೆ ಹೂಡಿ, ಓಣಿಯ ಮೂರ್ನಾಲ್ಕು ಹೆಂಗಸರನ್ನು ಕೂಡಿಸಿಕೊಂಡು ಶುರು ಮಾಡಿದ್ದು. ಬಸ್‌ಸ್ಟ್ಯಾಂಡ್ ಕಡೆಯ ಖಾನಾವಳಿಗಳಿಗೆ ಬಿಸಿ ರೊಟ್ಟಿ, ದೂರದವರಿಗೆ ಕಡಕ್ ರೊಟ್ಟಿ. ಹುಣ್ಣಿಮೆಗೆ ಸವದತ್ತಿಗೆ ಹೋಗುವವರು ಶೇಂಗಾ ಚಟ್ನಿಯ ಜೊತೆ ಕಟ್ಟಿಸಿಕೊಂಡು ಹೋಗುತ್ತಿದ್ದರು. ಮೊದಲ ಒಲೆ ಅಕ್ಕನದೇ. ಅವಳು ಬಡಿದ ರೊಟ್ಟಿ ಹಂಚಿನ ಮೇಲೆ ಉಬ್ಬದೆ ಹೋದದ್ದನ್ನು ನಾನಂತೂ ಕಂಡಿಲ್ಲ. ಬಡಿದದ್ದನ್ನು ಊರೆಲ್ಲ ತಿರುಗಿ ಮುಟ್ಟಿಸುವ ಕೆಲಸ ಹಸೀನಾಳದು. ಗಟ್ಟಿ ಆಳು. ತಲೆ ಮೇಲೆ ಬುಟ್ಟಿಯಿಟ್ಟು ಹೊರಟಳೆಂದರೆ ಅವಳ ಜೊತೆ ಹೆಜ್ಜೆ ಹಾಕಲು ಗಂಡಸರಿಗೂ ಆಗದು.

ಪೂರ್ಣಿಮಾ ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ. ಅವಳ ಜೊತೆಗಿನ ಮೇಡಂ ಒಬ್ಬರಿಗೆ, ಸುಮ್ಮನೆ ಕೂತಾಗಲೂ ಎದೆ ಜೋರಾಗಿ ಬಡಿಯುತ್ತಿದೆ ಎಂದು ಸ್ಮಾರ್ಟ್ ವಾಚು ಎಚ್ಚರಿಸಿತಂತೆ. ಅವರು ಡಾಕ್ಟರ ಬಳಿ ಹೋದರು, ಥೈರಾಯ್ಡ್ ಎಂದು ಗೊತ್ತಾಯಿತು, ಗುಳಿಗೆ ನುಂಗಿ ಈಗ ಆರಾಮಾಗಿದ್ದಾರೆ. ಇದನ್ನು ಕಂಡ ಮೇಲೆ ಮಗಳ ಜೀವ ತಡೆಯಬೇಕಲ್ಲ? ದೀಪಾವಳಿಗೆ ಬರುವಾಗ ಅವ್ವನಿಗೂ ಒಂದು ವಾಚು ತಂದಳು.

ಪಡಸಾಲೆಯಲ್ಲಿ ಎಲ್ಲರೂ ಕೂತಿದ್ದೆವು. ಮಾಮಾ (ಅಕ್ಕನ ಗಂಡ, ನಮ್ಮ ಕಡೆ ಭಾವನಿಗೂ ಮಾಮಾ ಅನ್ನುವುದೇ ರೂಢಿ), ಅವರ ತಮ್ಮ, ನಾನು. ಪೂರ್ಣಿಮಾ ಅಕ್ಕನ ಫೋನಿಗೆ ಆ್ಯಪ್ ಹಾಕಿದಳು. ಅದರಲ್ಲಿ ಕಂಡದ್ದೆಲ್ಲ ತನಗೂ ಕಾಣುವಂತೆ ಮಾಡಿಕೊಂಡಳು. ಆ್ಯಪು ಒಂದೊಂದೇ ಪ್ರಶ್ನೆ ಕೇಳಿತು, ಇವಳು ಜೋರಾಗಿ ಓದಿದಳು. ವಯಸ್ಸು? ಹೇಳಿದಳು ಅಕ್ಕ. ತೂಕ? ಸ್ವಲ್ಪ ಕಡಿಮೆ ಮಾಡಿ ಹೇಳಿದಳು. ಎಲ್ಲರೂ ನಕ್ಕೆವು.

ಮುಂದಿನ ಪ್ರಶ್ನೆಗೆ ಪೂರ್ಣಿಮಾಳ ದನಿ ಅರ್ಧಕ್ಕೇ ನಿಂತಿತು. ಮುಟ್ಟು ಕೊನೆಯ ಸಲ ಬಂದದ್ದು ಯಾವಾಗ, ಎಷ್ಟು ದಿನ ಇರುತ್ತದೆ, ಹೆಚ್ಚು ಹೋಗುತ್ತದೆಯೇ ಎಂದು ಕೇಳುವ ಪುಟ ಅದು. ಮಾಮಾ ಫ್ಯಾನ್ ನೋಡತೊಡಗಿದರು. ಅವರ ತಮ್ಮ ಓದಿ ಮುಗಿಸಿದ್ದ ಪೇಪರನ್ನೇ ಮತ್ತೆ ಬಿಡಿಸಿಕೊಂಡರು. ಅಕ್ಕ ಚಹದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಪೂರ್ಣಿಮಾ ಸ್ಕಿಪ್ ಒತ್ತಿದಳು. ಆಮೇಲೆ ತುಂಬಿದರಾಯಿತು ಎಂದು ನನ್ನ ಕಿವಿಯಲ್ಲಿ ಹೇಳಿದಳು. ಆ ‘ಆಮೇಲೆ’ ಬರಲೇ ಇಲ್ಲ.

ಮೊದಲ ವಾರ ಮಗಳಿಗೂ ಅವ್ವನಿಗೂ ದಿನಾ ಜಗಳ. ಹಿಟ್ಟು ಮೆತ್ತಿದ ಕೈ, ನೀರು ಸವರುವ ಕೈ, ಕಾದ ಹಂಚಿನ ಮೇಲೆ ಆಡುವ ಕೈ; ಅಂಥ ಕೈಗೆ ವಾಚು ಕಟ್ಟಿಕೊಂಡು ರೊಟ್ಟಿ ಬಡಿಯಲು ಬರುತ್ತದೆಯೇ? ಅಕ್ಕ ಅದನ್ನು ಬಿಚ್ಚಿ ಗೋಡೆಯ ಗೂಡಿನಲ್ಲಿಡುತ್ತಿದ್ದಳು. ಹುಬ್ಬಳ್ಳಿಯಿಂದ ಕೂಡಲೇ ಫೋನು. ಯಾಕೆ ತೆಗೆದೆ, ಇಷ್ಟು ಕೊಟ್ಟು ತಂದದ್ದು ಗೂಡಿನ ಆರೋಗ್ಯ ನೋಡಲಿಕ್ಕೇನು ಎಂದು ಪೂರ್ಣಿಮಾ ರೇಗುವಳು. ಅಕ್ಕ ಕೆಲಸ ಬಿಟ್ಟು ಎದ್ದು ಬಂದು ಮಗಳಿಗೆ ಸಮಾಧಾನ ಹೇಳುವಳು.

ಆಮೇಲೊಂದು ದಿನ ಜಗಳ ತಟ್ಟನೆ ನಿಂತಿತು. ವಾಚು ಇಡೀ ದಿನ ಕೈಮೇಲೇ ಇರತೊಡಗಿತು. ಹೆಜ್ಜೆಗಳೋ ಏರುತ್ತಲೇ ಹೋದವು; ಮಗಳ ಮಾತಿಗೆ ಅಕ್ಕ ವಾಕಿಂಗ್ ಶುರು ಮಾಡಿದ್ದಾಳೆ ಎಂದುಕೊಂಡೆವು. ನಾಡಿ ಇಪ್ಪತ್ತರ ಹುಡುಗಿಯದರ ಹಾಗೆ. ಪೂರ್ಣಿಮಾ ಹಿಗ್ಗಿಹೋಗಿ ಮನೆಮಂದಿಯ ಗ್ರೂಪಿನಲ್ಲಿ ಸ್ಕ್ರೀನ್‌ಶಾಟ್ ಹಾಕಿದಳು. ನಾವೆಲ್ಲ ಹೆಬ್ಬೆರಳು ಎತ್ತಿದೆವು. ನಾನು ಅಂಕಣ ಬರೆದೆ.

ರಾತ್ರಿಯದು ಮಾತ್ರ ತುಸು ಬೇರೆ ಇತ್ತು. ಮಲಗಿದಾಗಲೂ ಎದೆಬಡಿತ ಹೆಚ್ಚಿದೆ ಎಂದು ಆ್ಯಪು ಆಗಾಗ ಕೆಂಪಗೆ ತೋರಿಸುತ್ತಿತ್ತು. ಹಗಲೆಲ್ಲ ಇಷ್ಟು ಚೆಂದ ಇರುವ ನಾಡಿ ರಾತ್ರಿಯೇ ಯಾಕೆ ಕೆಡಬೇಕು? ಬೆಲ್ಟು ಸಡಿಲಾಗಿರಬೇಕು ಎಂದು ಪೂರ್ಣಿಮಾ ತೀರ್ಮಾನಿಸಿದಳು. ಒಂದು ತೂತು ಬಿಗಿ ಮಾಡಲು ಹೇಳಿದಳು. ಅಕ್ಕ ಬಿಗಿ ಮಾಡಿಕೊಂಡಳು. ಕೆಂಪು ಬರುವುದು ನಿಲ್ಲಲಿಲ್ಲ. ಕಿರಿಕಿರಿ ಎಂದು ಆ ಎಚ್ಚರಿಕೆಯನ್ನೇ ಆಫ್ ಮಾಡಿದೆವು.

ಅಕ್ಕ ಏನೂ ಹೇಳಲಿಲ್ಲವೇ?

ಹೇಳಿದ್ದಳು. ಅದೇ ಈಗ ಕೊರೆಯುತ್ತಿರುವುದು. ಸುಸ್ತಾಗುತ್ತದೆ ಎಂದಿದ್ದಳು. ಮಾಳಿಗೆಗೆ ಕಡಕ್ ರೊಟ್ಟಿ ಒಣಹಾಕಲು ಹೋದರೆ ನಡುವೆ ಮೆಟ್ಟಿಲ ಮೇಲೆ ಕೂರಬೇಕಾಗುತ್ತದೆ ಎಂದಿದ್ದಳು. ನಾನು ಫೋನಿನಲ್ಲೇ ನಕ್ಕು, ಅಷ್ಟು ನಡೆದರೆ ಸುಸ್ತಾಗದೆ ಇನ್ನೇನಾಗುತ್ತದೆ, ನಿನ್ನ ನಾಡಿ ನನಗಿಂತ ಚಲೋ ಇದೆ ಎಂದಿದ್ದೆ. ಪೂರ್ಣಿಮಾ ಕೂಡ ಹೆಚ್ಚುಕಡಿಮೆ ಇದೇ ಮಾತು ಹೇಳಿದ್ದಳಂತೆ. “ಹಂಗಂತೀ? ಇರಬೇಕ ಬಿಡು” ಎಂದಿದ್ದಳು ಅಕ್ಕ. ಆಮೇಲಾಮೇಲೆ ಹೇಳುವುದನ್ನೇ ಬಿಟ್ಟಳು.

ವಾಚು ಬರುವ ಮೊದಲು ನಾವು ಫೋನ್ ಮಾಡಿದರೆ ಮೊದಲ ಮಾತು ‘ಹೇಗಿದ್ದೀ’ ಎಂದಿರುತ್ತಿತ್ತು. ಬಂದ ಮೇಲೆ, ಅವಳು ಹೇಗಿದ್ದಾಳೆಂದು ನಾವೇ ಅವಳಿಗೆ ಹೇಳತೊಡಗಿದೆವು. ಎಷ್ಟು ಜಾಣರು ನೋಡಿ ನಾವು!

ಆ ದಿನ ನಾನು ಯರಗಟ್ಟಿಗೆ ಹೋದದ್ದು ನಾದಿನಿಯ ಸೀಮಂತಕ್ಕೆ ರೊಟ್ಟಿ ಹೇಳಿ ಬರಲೆಂದು. ಅಕ್ಕನನ್ನು ನೋಡಿದೊಡನೆ ಮುಖ ಹೀಗೇಕೆ ಬಿಳಿಚಿದೆ ಅನ್ನಿಸಿತು. ಬಾಯಿಬಿಟ್ಟು ಕೇಳುವಷ್ಟರಲ್ಲಿ, ಒಲೆಯ ಮುಂದಿನಿಂದ ಎದ್ದವಳು ಹಾಗೆಯೇ ಕುಸಿದಳು. ಒಂದು ಕ್ಷಣ ತಪ್ಪಿದ್ದರೆ ಹಂಚಿನ ಮೇಲೇ ಬೀಳುತ್ತಿದ್ದಳು. ಅಷ್ಟರಲ್ಲಿ ಖಾಲಿ ಬುಟ್ಟಿ ಹಿಡಿದು ಒಳಗೆ ಬಂದ ಹಸೀನಾಳೇ ಅವಳನ್ನು ಎತ್ತಿಕೊಂಡಳು. ಊರಿನ ಡಾಕ್ಟರು ನೋಡಿ, ತಡ ಮಾಡಬೇಡಿ, ಬೆಳಗಾವಿಗೆ ಒಯ್ಯಿರಿ ಎಂದರು. ಪಕ್ಕದ ಮನೆಯವರ ಕಾರು ಸಿಕ್ಕಿತು. ಮಾಮಾ ಇನ್ನೊಬ್ಬರ ಗಾಡಿಯಲ್ಲಿ ಹಿಂದೆ ಬಂದರು. ನಾನೂ ಅಕ್ಕನೂ ಹಿಂದಿನ ಸೀಟಿನಲ್ಲಿ, ಹಸೀನಾ ಮುಂದೆ.

ದಾರಿಯಲ್ಲಿ ಪೂರ್ಣಿಮಾಳ ಆ ‘ಆರಾಮ ಅದಾಳ’ ಮಾತು ಕೇಳಿ ಫೋನ್ ಕೆಳಗಿಟ್ಟೆ. ಹಸೀನಾ ಸೆರಗಿನ ತುದಿ ಒದ್ದೆ ಮಾಡಿಕೊಂಡು, ಹಿಂದಕ್ಕೆ ತಿರುಗಿ ಅಕ್ಕನ ಮುಖ ಒರೆಸಲು ಕೈ ಚಾಚಿದಳು. ಅವಳ ಮಣಿಕಟ್ಟಿನ ಮೇಲೆ ಅಕ್ಕನ ವಾಚು ಇತ್ತು.

ನಾನು ನೋಡಿದ್ದನ್ನು ಅವಳೂ ನೋಡಿದಳು. ಕೈ ಹಿಂದಕ್ಕೆಳೆದುಕೊಂಡಳು.

“ಅಕ್ಕಾರ ಕಟ್ಟಿದ್ರರಿ,” ಎಂದಳು. “ರೊಟ್ಟಿ ಬಡ್ಯಾಕ ಬರಂಗಿಲ್ಲ, ತಗದಿಟ್ರ ಮಗಳು ಬೈತಾಳ, ನೀ ಹೆಂಗೂ ಊರ ತಿರಗತಿ, ಕಟ್ಕೊಂಡ ಹೋಗು ಅಂದ್ರು. ಸಂಜಿಕ ಬಿಚ್ಚಿ ಕೊಡತಿದ್ದೆರಿ.”

ತಿಳಿಯಿತಲ್ಲ? ನಾವು ಇಷ್ಟು ತಿಂಗಳು ಮೆಚ್ಚಿ, ಹೆಬ್ಬೆರಳು ಎತ್ತಿ, ಪತ್ರಿಕೆಯಲ್ಲೂ ಬರೆದು ಸಂಭ್ರಮಿಸಿದ್ದು ಹಸೀನಾಳ ಆರೋಗ್ಯವನ್ನು. (ಅವಳು ಗಟ್ಟಿಮುಟ್ಟಾಗಿದ್ದಾಳೆ, ಅದೊಂದು ಸಮಾಧಾನ.) ಅಕ್ಕನ ಕೈಗೆ ವಾಚು ಬರುತ್ತಿದ್ದುದು ಸಂಜೆಯ ಮೇಲೆ. ಅವಳದೇ ಆದ ನಾಡಿ ಕಂಡದ್ದು ರಾತ್ರಿ ಮಾತ್ರ. ಅದನ್ನು ನಾವು ಆಫ್ ಮಾಡಿದ್ದೆವು.

ಆಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅಕ್ಕನ ಕಣ್ಣರೆಪ್ಪೆ ಕೆಳಕ್ಕೆಳೆದು ನೋಡಿದವರೇ ಮುಟ್ಟಿನಲ್ಲಿ ಹೆಚ್ಚು ಹೋಗುತ್ತದೆಯೇ, ಎಷ್ಟು ದಿನದಿಂದ ಎಂದು ಕೇಳಿದರು. ಆ್ಯಪು ಕೇಳಿದ್ದ ಅದೇ ಪ್ರಶ್ನೆ. ಮಾಮಾ ನನ್ನ ಮುಖ ನೋಡಿದರು. ನಾನು ಮಾಮಾನ ಮುಖ ನೋಡಿದೆ. ಒಂದೇ ಸೂರಿನಡಿ ಬದುಕಿದ ಗಂಡನಿಗೂ ಗೊತ್ತಿರಲಿಲ್ಲ, ಬೆನ್ನಿಗೆ ಬಿದ್ದ ತಂಗಿಗೂ ಗೊತ್ತಿರಲಿಲ್ಲ.

ಗರ್ಭಕೋಶದಲ್ಲಿ ಗಡ್ಡೆಗಳಿದ್ದವು. ವರ್ಷಕ್ಕೂ ಮೇಲಿನಿಂದ ರಕ್ತ ಹೋಗುತ್ತಲೇ ಇತ್ತು. ಮುಟ್ಟು ನಿಲ್ಲುವ ವಯಸ್ಸು, ಎಲ್ಲರಿಗೂ ಹೀಗೇ ಆಗುತ್ತದೆ ಎಂದುಕೊಂಡು ಅಕ್ಕ ಹಳೆಯ ಸೀರೆ ಹರಿದುಕೊಂಡು ಸುಮ್ಮನಿದ್ದಳು. ಮೈಯಲ್ಲಿ ರಕ್ತವೇ ಉಳಿದಿರಲಿಲ್ಲ. ಇದ್ದಷ್ಟನ್ನೇ ತಿರುಗಿಸಿ ತಿರುಗಿಸಿ ಹೃದಯ ಸೋತುಹೋಗಿತ್ತು. ಬಾಟಲಿಗಟ್ಟಲೆ ರಕ್ತ ಕೊಟ್ಟರು, ಆಪರೇಶನ್ ಮಾಡಿದರು. ಜೀವ ಉಳಿಯಿತು. ಆದರೆ ಹೃದಯ ಮೊದಲಿನಂತಾಗುವುದು ಕಷ್ಟ, ಒಲೆಯ ಮುಂದೆ ಕೂರುವ ಕೆಲಸ ಇನ್ನು ಮರೆತುಬಿಡಿ ಎಂದರು.

ಹುಬ್ಬಳ್ಳಿಯಿಂದ ಓಡಿಬಂದಿದ್ದ ಪೂರ್ಣಿಮಾ ಅಳುತ್ತ ಫೋನು ತೋರಿಸಿದಳು. ಡಾಕ್ಟರು ರಾತ್ರಿಯ ಕೆಂಪು ಗೆರೆಗಳನ್ನು ಹಿಂದಕ್ಕೆ ಸರಿಸುತ್ತ ಹೋದರು. ಇದನ್ನು ಹಿಡಿದುಕೊಂಡು ಆಗಲೇ ಬಂದಿದ್ದರೆ ಬರೀ ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತಿತ್ತು ಎಂದರು. ಬಯ್ಯಲಿಲ್ಲ. ಬಯ್ದಿದ್ದರೇ ಚೆನ್ನಾಗಿತ್ತು.

ಎರಡು ದಿನ ಕಳೆದು ಅಕ್ಕ ಮಾತಾಡುವಂತಾದಾಗ ಪೂರ್ಣಿಮಾ ಅವಳ ಕೈ ಹಿಡಿದು, ಯಾಕವ್ವಾ ಹೇಳಲಿಲ್ಲ ಎಂದು ಕೇಳಿದಳು. ಅಕ್ಕನಿಗೆ ಸಿಟ್ಟಿರಲಿಲ್ಲ. ನಿಧಾನವಾಗಿ ಹೇಳಿದಳು:

“ಹೇಳಿದ್ನಲ್ಲವಾ. ನೀವು ವಾಚ್ ನೋಡಿ ಆರಾಮ ಅದಿ ಅಂದ್ರಿ. ಕಲ್ತವರು, ನೋಡೇ ಹೇಳಾಕತ್ತಾರ, ಆರಾಮ ಇದ್ದರೂ ಇರಬೇಕು ಅನಕೊಂಡೆ.”

ಆ ವಾಚು ತನ್ನ ಕೈಮೇಲಿಲ್ಲ ಎಂಬುದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ತನ್ನ ಸುಸ್ತಿಗಿಂತ ನಮ್ಮ ಮಾತು ದೊಡ್ಡದೆನಿಸಿತ್ತು ಅವಳಿಗೆ. ಹೆಂಗಸರಿಗೆ ಈ ಅಭ್ಯಾಸ ಎಲ್ಲಿಂದ ಬರುತ್ತದೋ.

ಇದನ್ನೋದಿ ಯಾರೂ ವಾಚು ಬಿಚ್ಚಿ ಎಸೆಯಬೇಡಿ. ವಾಚಿನದು ಏನು ತಪ್ಪು? ಕಟ್ಟಿದವರ ನಾಡಿಯನ್ನು ಅದು ಪ್ರಾಮಾಣಿಕವಾಗಿ ಎಣಿಸಿತು. ರಾತ್ರಿ ಎಚ್ಚರಿಸಬೇಕಾದಾಗ ಎಚ್ಚರಿಸಿತು. ಅಷ್ಟೇ ಅಲ್ಲ, ನಮ್ಮ ಮನೆಯಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ಮೊದಲ ದಿನವೇ, ಗಂಡಸರ ಎದುರಿಗೇ, ಸಂಕೋಚವಿಲ್ಲದೆ ಕೇಳಿತ್ತು. ಸ್ಕಿಪ್ ಒತ್ತಿದವರು ನಾವು. ಆ ಬಟನ್ನು ಫೋನಿಗೆ ಬಂದದ್ದು ಈಚೆಗೆ. ನಮ್ಮ ಮನೆಗಳಲ್ಲಿ ಅದು ಅಜ್ಜಿಯರ ಕಾಲದಿಂದ ಇದೆ.

ಈಗ ಆ ಪುಟ ತುಂಬಲು ಪೂರ್ಣಿಮಾಗೆ ನಾಚಿಕೆಯಿಲ್ಲ. ತುಂಬುವ ಅಗತ್ಯವೂ ಇಲ್ಲ. ಗರ್ಭಕೋಶ ತೆಗೆದಾಗಿದೆ.

ಕಳೆದ ರವಿವಾರ ಯರಗಟ್ಟಿಗೆ ಹೋಗಿದ್ದೆ. ಹಿತ್ತಲಿನಲ್ಲಿ ಒಲೆಗಳು ತಣ್ಣಗಿದ್ದವು. ರೊಟ್ಟಿ ಬಡಿಯುತ್ತಿದ್ದವರು ಬೇರೆ ಕಡೆ ಕೆಲಸ ಹಿಡಿದಿದ್ದಾರೆ. ಹಸೀನಾ ದಿನಾ ಸಂಜೆ ಬಂದು ಅಕ್ಕನ ತಲೆ ಬಾಚಿ ಹೋಗುತ್ತಾಳೆ. ಮಾಮಾ ಚಹ ಮಾಡಲು ಕಲಿತಿದ್ದಾರೆ (ಕುಡಿಯಲು ನಾವು ಇನ್ನೂ ಕಲಿಯಬೇಕು). ಊಟಕ್ಕೆ ಪೇಟೆಯಿಂದ ರೊಟ್ಟಿ ತರಿಸಿದ್ದರು. ಅಕ್ಕ ಅದನ್ನು ತಿರುವಿ ಅಂಚು ನೋಡಿದಳು. ಮುರಿದು ಬಾಯಿಗಿಟ್ಟುಕೊಂಡಳು.

ವಾಚು ಅವಳ ಕೈಮೇಲಿತ್ತು. ಈಗ ಬಿಚ್ಚುವ ಕಾರಣವೇ ಇಲ್ಲವಲ್ಲ. ನಾನು ಫೋನು ಚೀಲದಲ್ಲಿಟ್ಟು, ಅವಳ ಪಕ್ಕದಲ್ಲಿ ಕೂತು, ಬಹಳ ದಿನಗಳ ಮೇಲೆ ಕೇಳಿದೆ: “ಅಕ್ಕಾ, ಹೆಂಗ ಅದಿ?”

ಉತ್ತರ ಕೊಡುವ ಮೊದಲು ಅಕ್ಕ ಕೈ ತಿರುವಿ ವಾಚು ನೋಡಿಕೊಂಡಳು.