ಲ್ಯಾಪ್‌ಟಾಪಿಗೆ ಹೊದಿಸಿದ ಸೀರೆ

ನಮ್ಮ ಮನೆ ಯಶವಂತನಗರದ ರಸ್ತೆಗೇ ಇದೆ. ಅದಿರಿನ ಲಾರಿ ಹೋದರೆ ಕೆಂಪು ಧೂಳೆಲ್ಲ ಒಳಗೆ. ನೀರಿನ ಕೊಡ, ಹಿಟ್ಟಿನ ಡಬ್ಬಿ, ಟಿ.ವಿ., ಎಲ್ಲಕ್ಕೂ ಬಟ್ಟೆ ಮುಚ್ಚುವುದು ನನಗೆ ಅಭ್ಯಾಸ.

ಮೊಮ್ಮಗಳು ಕಂಪ್ಲಿಯ ಅಕ್ಕಿ ಗಿರಣಿಯೊಂದಕ್ಕೆ ಸಣ್ಣ ಪೆಟ್ಟಿಗೆಯೊಂದನ್ನು ಮಾಡಿಕೊಡಲು ಒಪ್ಪಿದ್ದಳು. ಭತ್ತ ಒಣಗಿಸುವ ಯಂತ್ರದ ಬಿಸಿಯನ್ನು ಅದು ನೋಡಿಕೊಳ್ಳಬೇಕು. ಅದನ್ನು ನಡೆಸುವ ಲಿನಕ್ಸ್ ಅನ್ನುವ ತಂತ್ರಾಂಶವನ್ನು ಮೊದಲು ಲ್ಯಾಪ್‌ಟಾಪಿನಲ್ಲಿ ತುಂಡು ತುಂಡಾಗಿ ಸೇರಿಸಿ ಕಟ್ಟಬೇಕಂತೆ. ಆ ಲ್ಯಾಪ್‌ಟಾಪನ್ನು ಸಜ್ಜು ಮಾಡುವುದಕ್ಕೇ ಮೂರು ದಿನ ಹೋಯಿತು. ಹಳೆಯದನ್ನೆಲ್ಲ ಅಳಿಸಿದಳು, ಜಾಗ ಬಿಡಿಸಿದಳು, ಏನೇನೋ ಇಳಿಸಿಕೊಂಡಳು.

"ಅಡಿಗಿಗಿಂತ ಒಲಿ ಹಚ್ಚೂದ ಭಾಳ ಆತಲ್ಲೇ" ಅಂದೆ.

"ನಿನ್ನ ಒಲಿಗೆ ಕಡ್ಡಿ ಗೀರಿದ್ರ ಸಾಕು ಅಜ್ಜಿ. ನಂದು ಹಂಗಲ್ಲ."

ನಾಲ್ಕನೆಯ ದಿನ ಬೆಳಿಗ್ಗೆ ಕಟ್ಟುವ ಕೆಲಸ ಶುರು ಮಾಡಿದಳು. ಮರುದಿನವೇ ಗಿರಣಿಯವರಿಗೆ ತೋರಿಸಬೇಕು. ಪೆಟ್ಟಿಗೆಗೆ ಹಾಕುವ ಮೆಮೊರಿ ಕಾರ್ಡ್ ತರಲು ಹೊಸಪೇಟೆಗೆ ಹೊರಟಳು.

"ಸಂಜಿತನ ಓಡ್ತದ. ಮುಟ್ಟಬ್ಯಾಡ, ಬಂದ್ ಮಾಡಬ್ಯಾಡ."

"ನಾನೇನ್ ಕೂಸೇನ? ನಡಿ."

ಪರದೆಯ ಮೇಲೆ ಇಂಗ್ಲಿಷ್ ಸಾಲುಗಳು ಓಡುತ್ತಿದ್ದವು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಒಂದಕ್ಷರವೂ ತಿಳಿಯಲಿಲ್ಲ. ಅಷ್ಟರಲ್ಲಿ ಸಾಲಾಗಿ ಲಾರಿಗಳು ಹೋದವು. ಮೇಜು ಕೆಂಪಾಯಿತು. ಹಳೆಯ ಸೀರೆಯೊಂದನ್ನು ನಾಲ್ಕು ಮಡಿಕೆ ಮಾಡಿ ಲ್ಯಾಪ್‌ಟಾಪಿಗೆ ಹೊದಿಸಿದೆ. ಒಳ್ಳೆಯ ಕೆಲಸ ಮಾಡಿದೆ ಅಂತ ಕುಳಿತೆ.

ಒಳಗಿನ ಫ್ಯಾನು ಜೋರಾಗಿ ಕೂಗಿತು. ಕೂಗಿ ಕೂಗಿ, ಆಮೇಲೆ ಸುಮ್ಮನಾಯಿತು.

ಸೀರೆ ಎತ್ತಿದರೆ ಪರದೆ ಕಪ್ಪು. ಕೈ ಇಟ್ಟರೆ ಕಾದ ಹಂಚು. ಸುಟ್ಟೇ ಬಿಟ್ಟೆನಲ್ಲ! ಫೋನು ಕೈಯಲ್ಲೇ ಇತ್ತು, ಮಾಡಲು ಧೈರ್ಯ ಬರಲಿಲ್ಲ. ಸೀರೆಯನ್ನು ಅಕ್ಕಿ ಚೀಲದ ಹಿಂದೆ ತುರುಕಿದೆ. ಬಸ್ಸಿನ ಸದ್ದಾದಾಗಲೆಲ್ಲ ಬಾಗಿಲಿಗೆ ಹೋಗಿ ಇಣುಕಿದೆ.

ಅವಳು ಬಂದು ಪರದೆ ನೋಡಿದಳು. "ಕರೆಂಟ್ ಹೋಗಿತ್ತೇನ ಅಜ್ಜಿ?"

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಅವಳು ನಿಜ ತಿಳಿಯದೆ ಎಲ್ಲೆಲ್ಲೋ ದೋಷ ಹುಡುಕುತ್ತಾ ಕೂತರೆ? "ಇಲ್ಲ. ಧೂಳು ಬರ್ತದಂತ ಸೀರಿ ಮುಚ್ಚಿದ್ದೆ."

"ಅಯ್ಯೋ! ಅದಕ್ಕ ಉಸುರು ಬ್ಯಾಡೇನ?"

ಬಯ್ಯಲಿಲ್ಲ. ಅದಕ್ಕೇ ಹೆಚ್ಚು ಹೆದರಿಕೆಯಾಯಿತು. ಆರಲು ಬಿಟ್ಟು, ಗುಂಡಿ ಒತ್ತಿದಳು. ನಾನು ಕಣ್ಣು ಮುಚ್ಚಿಕೊಂಡೆ. ಫ್ಯಾನು ತಿರುಗಿತು.

"ಆದದ್ದು ಉಳದೈತಿ. ಮುಂದಿಂದಷ್ಟ ಕಟ್ಟಬೇಕು. ಬೆಳಗಾಗೂದ್ರಾಗ ಆದ್ರ ಆತು."

ಎರಡು ಇಟ್ಟಿಗೆ ಇಟ್ಟು ಅದನ್ನು ಎತ್ತರಿಸಿದೆವು. ಸಾಲುಗಳು ಮತ್ತೆ ಓಡಿದವು. ರಸ್ತೆಯಲ್ಲಿ ಇನ್ನೊಂದು ಲಾರಿ ಬಂತು, ಧೂಳು ಎದ್ದಿತು. ನನ್ನ ಕೈ ತಾನಾಗಿ ಅಕ್ಕಿ ಚೀಲದ ಹಿಂದಿನ ಸೀರೆಯ ಕಡೆ ಹೋಯಿತು. ಅದನ್ನು ಎಳೆದು ನೆಲಕ್ಕೆ ಹಾಸಿ, ಅದರ ಮೇಲೇ ಕುಳಿತುಬಿಟ್ಟೆ.