ಒಂದು ಹನಿ ಬಾರದ ಹರಿಗೋಲು

ನಾನು ಹೋಗಬೇಕೆಂದಿದ್ದದ್ದು ಕಡಲಿಗೆ, ಹೋದದ್ದು ಹಲವಾಗಲು ಊರಿನ ಹೊಳೆಗೆ. ಕಡಲಿಗೆ ಹೋಗಿಬರಲು ನಾಲ್ಕು ದಿನದ ರಜೆ ಬೇಕು. ನಮ್ಮ ಕಚೇರಿಯಲ್ಲಿ ನನಗೆ ನಾಲ್ಕು ದಿನ ರಜೆ ಕೊಡುವುದಕ್ಕಿಂತ ಕೂಡ್ಲಿಗಿಗೇ ಕಡಲು ತರಿಸುವುದು ಸುಲಭ. ಎರಡನೆಯ ಶನಿವಾರ ಮತ್ತು ಭಾನುವಾರ ಜೊತೆಯಾಗಿ ಸಿಕ್ಕವು. ಅಷ್ಟಕ್ಕೆ ಹೊಳೆಯೇ ಸಾಕೆಂದು ಗಾಳದ ದಾರ, ಎರಡು ಕೊಕ್ಕೆ, ಒಂದು ಟವೆಲು ಚೀಲಕ್ಕೆ ಹಾಕಿಕೊಂಡು ಹೊರಟೆ.

ಕಾರಣ ತಲೆನೋವು. ಡಾಕ್ಟರು ಕಣ್ಣು, ನಾಲಿಗೆ ನೋಡಿ, ರೋಗವೇನೂ ಇಲ್ಲ, ಎಲ್ಲಿಗಾದರೂ ಹೋಗಿ ಗಾಳಿ ಕುಡಿದು ಬನ್ನಿ ಎಂದಿದ್ದರು. ರೋಗ ಯಾವುದೆಂದು ನನಗೆ ಗೊತ್ತಿತ್ತು. ನಮ್ಮ ಕೇರಿಯಲ್ಲಿ ಬಿ.ಎ. ಪಾಸಾದ ಮೊದಲನೆಯವನು ನಾನು. ಕಚೇರಿಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವುದಿಲ್ಲ, 'ಬಿ.ಎ. ಸಾಹೇಬ್ರು' ಎನ್ನುತ್ತಾರೆ. ನಾನು ಬರೆದ ಕಾಗದವನ್ನು ಎಸ್ಸೆಸ್ಸೆಲ್ಸಿಯವನ ಮುಂದಿಟ್ಟು, ಸ್ವಲ್ಪ ಕಣ್ಣು ಹಾಯಿಸಿಬಿಡಪ್ಪಾ ಎನ್ನುತ್ತಾರೆ. ಹೊಸಬರು ಯಾರೇ ಬರಲಿ, ಊರು ಕೇಳಿದ ಮೇಲೆ ಕೇರಿ ಕೇಳುತ್ತಾರೆ, ಕೇಳಿದ ಮೇಲೆ ಕುರ್ಚಿ ಒಂದಿಷ್ಟು ಹಿಂದಕ್ಕೆ ಸರಿಯುತ್ತದೆ. ನೀನು ಯಾರೆಂದು ಯಾರೂ ಕೇಳದ ಒಂದು ದಿನ ನನಗೆ ಬೇಕಾಗಿತ್ತು. ದಡ ಬಿಟ್ಟು ನೀರಿನ ನಡುವೆ ಒಬ್ಬನೇ ಕೂತರೆ ಮೀನು ಕೇಳಲಾರವು ಎಂದುಕೊಂಡೆ.

ಶನಿವಾರ ಬೆಳಿಗ್ಗೆ ಕೊಟ್ಟೂರು ಬಸ್ಸು ಹತ್ತಿದೆ. ಪುಷ್ಯ ಮಾಸದ ಚಳಿ. ಕಿಟಕಿಗೆ ಗಾಜಿರಲಿಲ್ಲ, ಅದರ ಬದಲಿಗೆ ಹೊಡೆದಿದ್ದ ತಗಡು ಪಟಪಟ ಬಡಿದುಕೊಳ್ಳುತ್ತಿತ್ತು. ಕೂಡ್ಲಿಗಿಯ ಕುರುಚಲು ಗುಡ್ಡಗಳು ಹಿಂದೆ ಬಿದ್ದು ಎರೆಭೂಮಿ ಬಂತು, ಜೋಳ ತೆನೆಯಾಗಿ ನಿಂತಿತ್ತು. ಕೊಟ್ಟೂರಿನಲ್ಲಿ ಬಸ್ಸು ಅರ್ಧ ಗಂಟೆ ನಿಂತಿತು. ನಿಲ್ದಾಣದ ಹಿಂದಿನ ಬೇವಿನ ಮರ ದಾಟಿದರೆ ನಮ್ಮ ಕೇರಿ, ನಮ್ಮ ಅಪ್ಪನ ಮನೆ. ನಾನು ಇಳಿಯಲಿಲ್ಲ. ಇಳಿದರೆ ಯಾಕೆ ಬಂದೆ, ಎಲ್ಲಿಗೆ ಹೊರಟೆ ಎಂಬ ಪ್ರಶ್ನೆಗಳು. ಕಿಟಕಿಯಿಂದಲೇ ಮಂಡಕ್ಕಿ, ಮೆಣಸಿನಕಾಯಿ ಕೊಂಡು ತಿಂದೆ. ಮೆಣಸಿನಕಾಯಿ ಖಾರವಾಗಿತ್ತು, ಎಣ್ಣೆ ಹಳೆಯದಾಗಿತ್ತು.

ಹರಪನಹಳ್ಳಿ ಮುಟ್ಟಿದಾಗ ಮಧ್ಯಾಹ್ನ. ಉಳಿದುಕೊಂಡ ಖಾನಾವಳಿಯ ಯಜಮಾನ ಕೋಣೆಯ ಕೀಲಿ ಕೊಡುವ ಮುಂಚೆ ಕೇಳಿದ:

"ತಾವು ಯಾವ ಪೈಕಿರಿ?"

"ಸರ್ಕಾರಿ ಪೈಕಿ," ಎಂದೆ.

ಅವನು ನಕ್ಕು ಕೀಲಿ ಕೊಟ್ಟ. ಅಲ್ಲಿಯ ಜೋಳದ ರೊಟ್ಟಿ, ಪುಂಡಿಪಲ್ಯ ಚೆನ್ನಾಗಿದ್ದವು, ಹಾಸಿಗೆಯಲ್ಲಿ ತಗಣೆ ಇದ್ದವು. ಆ ದಾರಿಯಲ್ಲಿ ಹೋಗುವವರು ಊಟ ಮಾಡಿ ಮುಂದಿನ ಬಸ್ಸು ಹಿಡಿಯುವುದು ಒಳ್ಳೆಯದು.

ಭಾನುವಾರ ಮೊದಲ ಬಸ್ಸಿಗೆ ಹಲವಾಗಲು. ಊರು ದಾಟಿ ಇಳಿಜಾರಿನಲ್ಲಿ ನಡೆದರೆ ತುಂಗಭದ್ರೆ. ಮಳೆಗಾಲದ ಕೆಂಪು ಇಳಿದು ನೀರು ತಿಳಿಯಾಗಿತ್ತು, ಮೇಲೆ ಹೊಗೆಯಂತೆ ಮಂಜು ಆಡುತ್ತಿತ್ತು. ದಡದಲ್ಲಿ ಎರಡು ಹರಿಗೋಲು. ಒಂದರಲ್ಲಿ ಜನ, ಕುರಿ, ಸೈಕಲ್ಲು ತುಂಬಿಕೊಂಡು ಆಚೆ ದಡಕ್ಕೆ ಹೊರಟಿದ್ದರು. ಇನ್ನೊಂದನ್ನು ಬೋರಲು ಹಾಕಿ ಅದರ ಪಕ್ಕದಲ್ಲಿ ಬೀಡಿ ಸೇದುತ್ತ ಕೂತವನು ಹನುಮಂತಪ್ಪ, ಐವತ್ತರ ಆಸುಪಾಸಿನ ಗಟ್ಟಿ ಆಸಾಮಿ. ನನ್ನ ಪ್ಯಾಂಟು, ಕನ್ನಡಕ ನೋಡಿ ಎದ್ದು ನಿಂತ. ಗಾಳ ಹಾಕಬೇಕು, ಒಬ್ಬನೇ ಹೋಗಬೇಕು ಎಂದೆ. ಒಬ್ಬರೇ ಕೂತರೆ ಹರಿಗೋಲು ಬುಗುರಿಯ ಹಾಗೆ ತಿರುಗುತ್ತದೆ ಎಂದು ಅವನು ನಕ್ಕ. ಹಡಗಲಿ ಕಡೆಯ ಸೋದರಮಾವನ ಊರಿನಲ್ಲಿ ಹುಟ್ಟು ಹಾಕಿ ಕಲಿತವನು ನಾನು. ದಡದಲ್ಲೇ ಒಂದು ಸುತ್ತು ಹಾಕಿ ತೋರಿಸಿದೆ. ಅವನಿಗೆ ಖುಷಿಯಾಯಿತು.

"ಇದು ದಾಟಿಸೋ ಹರಿಗೋಲಲ್ರಿ ಸಾರ್, ಪೂಜಿ ದಿನ ಗಂಗಮ್ಮನ ಕೊಡ ಕೂಡ್ಸೋದು. ಬ್ಯಾರೇರಿಗೆ ಕೊಡಂಗಿಲ್ಲ. ನಿಮ್ಮಂಥೋರು ಬಂದೀರಿ, ಒಯ್ರಿ," ಎಂದ. ಮೀನು ಬಿದ್ದರೆ ತನ್ನ ಹೆಂಡತಿ ದುರುಗಮ್ಮ ಸಾರು ಮಾಡುತ್ತಾಳೆ, ಮನೆಯಲ್ಲೇ ಉಂಡು ಹೋಗಬೇಕು ಎಂದೂ ಹೇಳಿದ. ಹಣದ ಮಾತೆತ್ತಿದರೆ ಬೇಸರ ಮಾಡಿಕೊಂಡ.

ನಾನು ಒಳಗೆ ಕೂತು ಹುಟ್ಟು ಕೈಗೆತ್ತಿಕೊಂಡೆ. ಅವನು ಅಂಚು ಹಿಡಿದುಕೊಂಡೇ ಇದ್ದ, ಬಿಡಲಿಲ್ಲ.

"ನೀರಿಗೆ ಹೆಸರು ಹೇಳ್ರಿ ಸಾರ್."

ಅಲ್ಲಿಯ ಪದ್ಧತಿ ಅದು. ಒಬ್ಬನೇ ನೀರಿಗಿಳಿಯುವವನು ಬೊಗಸೆಯಲ್ಲಿ ನೀರು ಹಿಡಿದು ತನ್ನ ಹೆಸರು, ತಂದೆಯ ಹೆಸರು, ಊರು, ಕೇರಿ ಹೇಳಬೇಕು. ಹೆಚ್ಚು ಕಡಿಮೆಯಾದರೆ ಹೆಣವನ್ನು ಯಾರಿಗೆ ಒಪ್ಪಿಸಬೇಕೆಂದು ಗಂಗಮ್ಮನಿಗೆ ಗೊತ್ತಿರಬೇಕಂತೆ.

ಕೂಡ್ಲಿಗಿಯಿಂದ ಇಲ್ಲಿಯ ತನಕ ಬಂದು ಕೊನೆಗೆ ನೀರೂ ಅದನ್ನೇ ಕೇಳಿತು. ಸುಳ್ಳು ಹೇಳಬಹುದಿತ್ತು. ಬಿ.ಎ. ಓದಿದವನಿಗೆ ಇದರಲ್ಲಿ ನಂಬಿಕೆಯೇನೂ ಇರಲಿಲ್ಲ. ಆದರೆ ನಮ್ಮ ಅಪ್ಪನ ಹೆಸರಿನ ಜಾಗದಲ್ಲಿ ಇನ್ನೊಬ್ಬನ ಹೆಸರಿಡಲು ನಾಲಿಗೆ ಏಳಲಿಲ್ಲ. ಆ ಮನುಷ್ಯ ದನದ ತೊಗಲು ಹೊಲಿದು ನನಗೆ ಪುಸ್ತಕ ಕೊಡಿಸಿದ್ದಾನೆ. ಬೊಗಸೆ ತುಂಬಿಕೊಂಡು ಗಟ್ಟಿಯಾಗಿ ಹೇಳಿದೆ: "ಕೊಟ್ರೇಶಿ. ತಂದಿ ಮೈಲಪ್ಪ. ಕೊಟ್ಟೂರು. ಬೇವಿನಗಿಡದ ಕೇರಿ, ತೊಗಲಿನ ಕೆಲಸದೋರು."

ಹನುಮಂತಪ್ಪ ಅಂಚಿನಿಂದ ಕೈ ತೆಗೆದ. ಸ್ವಲ್ಪ ಹೊತ್ತು ಕೈಯನ್ನೇ ನೋಡಿಕೊಂಡ. ಆಮೇಲೆ ಬಿದಿರ ಗಳ ತಂದು, ಅದರ ತುದಿಯಿಂದ ಹರಿಗೋಲನ್ನು ದೂಡಿದ.

ನಡುಹೊಳೆಯಲ್ಲಿ ಬಂಡೆಗಳ ನಡುವೆ ಒಂದು ಮಡು. ಅಲ್ಲಿ ಸೆಳೆತವಿಲ್ಲ. ಹಗ್ಗದಿಂದ ಹರಿಗೋಲನ್ನು ಬಂಡೆಗೆ ಕಟ್ಟಿ, ಎರೆಹುಳು ಚುಚ್ಚಿ ಗಾಳ ಬಿಟ್ಟೆ. ಬಿಸಿಲೇರಿತು. ದಡದ ಸದ್ದು ಅಲ್ಲಿಗೆ ಬರುತ್ತಿರಲಿಲ್ಲ. ಎರಡು ಬಾಳೆಮೀನು ಬಿದ್ದವು, ಒಂದು ಮೊಳದುದ್ದದ್ದು. ಅದು ದಾರ ಜಗ್ಗಿದಾಗ ತಲೆನೋವು, ಕಚೇರಿ, ಹನುಮಂತಪ್ಪನ ಕೈ ಎಲ್ಲ ಮರೆತುಹೋದವು. ಡಾಕ್ಟರು ಹೇಳಿದ ಗಾಳಿ ಇದೇ ಇರಬೇಕು ಎನಿಸಿತು.

ಮೀನನ್ನು ಬಿಡಿಸಲು ಬಗ್ಗಿದಾಗ ಹೊಲಿಗೆ ಕಂಡಿತು. ಹರಿಗೋಲಿನ ಬಿದಿರಿನ ಬುಟ್ಟಿಗೆ ಹೊರಗಿನಿಂದ ತೊಗಲು ಹೊದಿಸಿ, ತುಂಡು ತುಂಡು ಕೂಡಿಸಿ ಹೊಲಿದಿರುತ್ತಾರೆ. ಬಿದಿರಿನ ಸಂದಿಯಲ್ಲಿ ಕಾಣುತ್ತಿದ್ದ ಆ ಹೊಲಿಗೆ ಎಡಕ್ಕೆ ವಾಲಿತ್ತು. ಪ್ರತಿ ಸಾಲಿನ ಕೊನೆಯಲ್ಲಿ ದಾರ ಮೂರು ಹೊಲಿಗೆ ಹಿಂದಕ್ಕೆ ಬಂದು ಗಂಟು ಬಿದ್ದಿತ್ತು. ಬೆರಳಾಡಿಸಿ ನೋಡಿದೆ. ನಮ್ಮ ಅಪ್ಪ ಎಡಚ. ಹಾಗೆ ಹೊಲಿಯುವವರು ನಮ್ಮ ಸೀಮೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕಣ್ಣು ಮಂಜಾಗಿ ಅವನು ದಬ್ಬಣ ಕೆಳಗಿಟ್ಟು ಎರಡು ವರ್ಷವಾಗಿತ್ತು. ಇದು ಅವನ ಕೊನೆಯ ಹರಿಗೋಲುಗಳಲ್ಲಿ ಒಂದು. ನಾನು ಸಣ್ಣವನಿದ್ದಾಗ ಹೊಸ ಹರಿಗೋಲನ್ನು ಕೆರೆಗೆ ಹಾಕಿ ಅದರಲ್ಲಿ ನನ್ನನ್ನು ಕೂಡಿಸುತ್ತಿದ್ದ. ಹನಿ ಬಂದ ಕಡೆ ಬೆರಳಿಟ್ಟು ಕೂಗುವುದು ನನ್ನ ಕೆಲಸ. ಕೂಗುವ ಪ್ರಸಂಗ ಬಹಳ ಬರುತ್ತಿರಲಿಲ್ಲ.

ನಾನು ಇನ್ನೂ ಸ್ವಲ್ಪ ಹೊತ್ತು ಕೂತೆ. ಇದು ನನ್ನ ಅಪ್ಪನ ಹರಿಗೋಲು ಎಂಬ ಹಮ್ಮಿನಲ್ಲಿಯೇ ಕೂತೆ.

ದಡಕ್ಕೆ ಬಂದಾಗ ದುರುಗಮ್ಮ ಎರಡು ಕೊಡ ನೀರು, ಅರಿಷಿಣ, ಬೇವಿನ ಸೊಪ್ಪು ಇಟ್ಟುಕೊಂಡು ನಿಂತಿದ್ದಳು. ನಾನು ಇಳಿದು ಮಡಿಚಿದ ಪ್ಯಾಂಟು ಬಿಡಿಸುವಷ್ಟರಲ್ಲಿ ಒಂದು ಕೊಡ ಹರಿಗೋಲಿನೊಳಗೆ ಸುರಿದು, ಸೊಪ್ಪಿನಿಂದ ತಿಕ್ಕತೊಡಗಿದಳು. ನನ್ನ ಮುಖ ನೋಡಲಿಲ್ಲ. ಹನುಮಂತಪ್ಪ ದೂರದಲ್ಲಿ ನಿಂತು ಕೆಮ್ಮಿದ.

"ಬ್ಯಾಸರ ಮಾಡ್ಕೋಬ್ಯಾಡ್ರಿ ಸಾರ್. ಮಂಗಳವಾರ ಅಮ್ಮನ ಕೊಡ ಇದರಾಗ ಕುಂದ್ರತೈತಿ. ನಂದೇನಿಲ್ಲ, ಓಣ್ಯಾಗಿನೋರು ಕೇಳ್ತಾರ. ಮೀನು ಮನಿಗೆ ಒಯ್ಯಿರಿ, ತಾಜಾ ಅದಾವ, ಕೆಡಂಗಿಲ್ಲ."

ಸಾರಿನ ಮಾತು ಅಲ್ಲಿಗೆ ಮುಗಿಯಿತು. ಅವನು 'ಸಾರ್' ಮಾತ್ರ ಬಿಟ್ಟಿರಲಿಲ್ಲ.

"ಈ ತೊಗಲು ಹೊಲಿದೋರು ಯಾರಪ್ಪಾ?" ಎಂದೆ.

"ಸಂತ್ಯಾಗ ತಂದದ್ರಿ, ಬೊಮ್ಮನಹಳ್ಳಿ ಸಂತ್ಯಾಗ."

"ಸಂತ್ಯಾಗ ತೊಗಲು ತನ್ನಷ್ಟಕ್ಕೆ ತಾನ ಹೊಲಕೊಂಡಿತ್ತೇನು?"

ಅವನು ಯೋಚಿಸಿದ. ಅವನ ಬಳಿಯೂ ಉತ್ತರವಿತ್ತು. "ನೀರಿಗೆ ಬಿದ್ದ ಮ್ಯಾಲೆ ತೊಗಲು ಅಮ್ಮಂದು ಆತು ಸಾರ್. ಆಮ್ಯಾಲೆ ಮೈಲಿಗಿಲ್ಲ."

"ನಾನೂ ಮುಂಜಾನಿಂದ ನೀರಿನ ಮ್ಯಾಲೇ ಇದ್ದೆನಲ್ಲ."

ದುರುಗಮ್ಮ ಎರಡನೆಯ ಕೊಡ ಎತ್ತಿದಳು. ಹೊಲಿಗೆ ನಮ್ಮ ಅಪ್ಪನದೆಂದು ನಾನು ಹೇಳಲಿಲ್ಲ. ಹೇಳಿದ್ದರೆ ಇನ್ನೊಂದು ಕೊಡ ತರುತ್ತಿದ್ದರು, ಅಷ್ಟೇ.

ಮೀನನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಹರಪನಹಳ್ಳಿಯಲ್ಲಿ ಬಸ್ಸು ಬದಲಿಸಿದಾಗ, ವಾಸನೆ ಬರುತ್ತದೆಂದು ಕಂಡಕ್ಟರು ನನ್ನನ್ನು ಹಿಂದಿನ ಸೀಟಿಗೆ ಕಳಿಸಿದ. ಆ ಹಿಂದಿನ ಸೀಟಿಗೆ ಕಾರಣ ಮೀನೊಂದೇ ಆಗಿತ್ತು, ಅದೇ ಒಂದು ಸಮಾಧಾನ. ತಲೆನೋವು ಆಗಲೇ ತಿರುಗಿ ಬಂದಿತ್ತು.

ಈ ಸಲ ಕೊಟ್ಟೂರಿನಲ್ಲಿ ಇಳಿದೆ. ಅಪ್ಪ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತಿದ್ದ. ಅವ್ವ ಮೀನು ಕೊಯ್ಯಲು ಒಳಗೆ ಒಯ್ದಳು. ಹೊಳೆಗೆ ಹೋಗಿದ್ದೆ, ನೀನು ಹೊಲಿದ ಹರಿಗೋಲಿನಲ್ಲಿ ಕೂತು ಹಿಡಿದ ಮೀನು ಎಂದೆ. ಅವನಿಗೆ ನಂಬಿಕೆ ಬರಲಿಲ್ಲ. ವಾಲಿದ ಹೊಲಿಗೆ, ಹಿಂದಕ್ಕೆ ಬಂದ ಮೂರು ಹೊಲಿಗೆ ಹೇಳಿದೆ. ನಾನು ಯಾವ ಊರಿಗೆ ಹೋಗಿದ್ದೆ, ಯಾರು ಹರಿಗೋಲು ಕೊಟ್ಟರು, ಹೇಗೆ ನೋಡಿಕೊಂಡರು, ಒಂದನ್ನೂ ಕೇಳಲಿಲ್ಲ.

"ನೀರು ಬಂತೇನಪ್ಪಾ ಒಳಗ?" ಎಂದ.

"ಇಲ್ಲಪ್ಪ. ಒಂದು ಹನೀನೂ ಬರಲಿಲ್ಲ."

ಅಪ್ಪ ನಕ್ಕ. ಮಂಜುಗಣ್ಣಿನಿಂದ ತನ್ನ ಎಡಗೈ ತಿರುಗಿಸಿ ತಿರುಗಿಸಿ ನೋಡಿಕೊಂಡ. ನಾನು ಹೇಳಿದ್ದು ಸುಳ್ಳಲ್ಲ. ಹೊಳೆಯ ನಡುವೆ ಒಂದು ಹನಿಯೂ ಬಂದಿರಲಿಲ್ಲ. ಅದರೊಳಗೆ ನೀರು ಬಿದ್ದದ್ದು ದಡಕ್ಕೆ ಬಂದ ಮೇಲೆ.