ಪುಟ ಹನ್ನೊಂದು

ಗಿಲ್ಬರ್ಟ್ ಆಟ ಹೇಳಿಕೊಡುವಾಗ ಯಾರೂ ಮಧ್ಯೆ ಬಾಯಿ ಹಾಕುವಂತಿರಲಿಲ್ಲ. ಪರ್ತ್‌ನ ಎಲೆನ್‌ಬ್ರೂಕ್‌ನಲ್ಲಿರುವ ಆ ಮನೆಯಲ್ಲಿ ಒಂಬತ್ತು ವರ್ಷದಿಂದ ನಡೆದುಬಂದ ಕಟ್ಟಳೆ ಅದು. ಅವನ ಹೆಂಡತಿ ಫ್ಲೋರಾ ಅದನ್ನು ಎಲ್ಲರಿಗಿಂತ ಚೆನ್ನಾಗಿ ಪಾಲಿಸಿದವಳು. ಆದರೆ ಆ ಶನಿವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಹೊಸ ಡಬ್ಬಿಯ ಮುಚ್ಚಳ ತೆಗೆದಾಗ ಅವಳಿಗೆ ಸುಮ್ಮನೆ ಕೂರಲು ಆಗುತ್ತಿರಲಿಲ್ಲ. ಡಬ್ಬಿಯೊಳಗಿದ್ದ ಆಟವನ್ನು ಮಾಡಿದವಳು ಅವಳೇ. ಆ ಮೇಜಿನ ಸುತ್ತ ಕೂತ ಬೇರೆ ಯಾರಿಗೂ, ಗಿಲ್ಬರ್ಟ್‌ಗೂ, ಅದು ಗೊತ್ತಿರಲಿಲ್ಲ.

ಪರ್ತ್, ಬ್ರಿಸ್ಬೇನ್, ಅಡಿಲೇಡ್ ಮೂರೂ ಊರಲ್ಲಿ ಈ ಬೋರ್ಡ್ ಆಟದ ಹುಚ್ಚು ಹಿಡಿಸಿಕೊಂಡ ಕನ್ನಡದವರ ಒಂದೊಂದು ಟೇಬಲ್ ಇದೆ. ಹಾವು ಏಣಿ ಅಂದುಕೊಂಡು ಹೋದವರು ಕೆಟ್ಟರು. ಇಲ್ಲಿನವು ನಾಲ್ಕೈದು ಗಂಟೆ ಕೂತು ತಲೆ ಬಿಸಿ ಮಾಡಿಕೊಳ್ಳುವ ಆಟಗಳು. ದಾಳ ಇಲ್ಲ, ಅದೃಷ್ಟ ಇಲ್ಲ, ಸೋತರೆ ಬೈಯಲು ತನ್ನನ್ನು ಬಿಟ್ಟು ಬೇರೆ ಯಾರೂ ಇಲ್ಲ. ವರ್ಷಕ್ಕೊಮ್ಮೆ ಅವರಲ್ಲೇ ಯಾರಾದರೂ ಮಾಡಿದ ಹೊಸ ಆಟಗಳು ಮೂರೂ ಊರು ಸುತ್ತುತ್ತವೆ. ಡಬ್ಬಿಯ ಮೇಲೆ ಹೆಸರು ಹಾಕುವ ಹಾಗಿಲ್ಲ. ಹೆಸರು ಕಂಡರೆ ಜನ ಬೆಣ್ಣೆ ಹಚ್ಚಿ ಮಾತಾಡುತ್ತಾರೆ, ಇಲ್ಲವೇ ಹಳೇ ಸೇಡು ತೀರಿಸಿಕೊಳ್ಳುತ್ತಾರೆ. ಮಾಡಿದವರು ಅದೇ ಟೇಬಲ್‌ನಲ್ಲಿ ಕೂತಿದ್ದರೂ ಸುಮ್ಮನೆ ಆಡಬೇಕು. ಹೆಸರು ಹೊರಬಿದ್ದರೆ ಡಬ್ಬಿ ಆ ವರ್ಷಕ್ಕೆ ಔಟ್. ಮೂರು ಟೇಬಲ್ಲೂ ಒಪ್ಪಿದ ಆಟ ಮಾತ್ರ ಮೆಲ್ಬರ್ನ್‌ನ ಒಬ್ಬ ಪ್ರಕಾಶಕರ ಕೈಗೆ ಹೋಗುತ್ತದೆ.

ಫ್ಲೋರಾಳ ಆಟದ ಹೆಸರು 'ಮಂಜಿ'. ಮಂಗಳೂರಿನ ಹಂಚು ಹೊತ್ತು ಕಡಲು ದಾಟುತ್ತಿದ್ದ ಹಾಯಿ ಹಡಗಿನ ಹೆಸರು. ಅಡಿಲೇಡ್‌ನವರು ಪ್ರಾಸ್ಪೆಕ್ಟ್‌ನ ರಮಾಕಾಂತ್ ಮನೆಯಲ್ಲಿ ಆಡಿ ಒಪ್ಪಿದ್ದರು. ಬ್ರಿಸ್ಬೇನ್‌ನಲ್ಲಿ ಎಲ್ಲರ ಅಭಿಪ್ರಾಯ ಒಟ್ಟು ಮಾಡುವ ಯಶವಂತ, ಇಂಥದ್ದು ಬಂದು ಬಹಳ ವರ್ಷ ಆಯಿತು ಅಂತ ಹೇಳಿ ಎರಡು ಸಲ ಆಡಿದ್ದ. ಉಳಿದದ್ದು ಪರ್ತ್ ಒಂದೇ, ಪರ್ತ್ ಎಂದರೆ ಗಿಲ್ಬರ್ಟ್. ಇಲ್ಲಿನ ಗಡಿಯಾರದಲ್ಲಿ ಸಂಜೆ ಆರೂವರೆಯೊಳಗೆ ಅವನ ದನಿಯಲ್ಲಿ ರೆಕಾರ್ಡ್ ಆದ ಅಭಿಪ್ರಾಯ ಯಶವಂತನಿಗೆ ತಲುಪಬೇಕು.

ಗಿಲ್ಬರ್ಟ್‌ನ ಅಭಿಪ್ರಾಯಕ್ಕೆ ಮೂರೂ ಊರು ಹೆದರುತ್ತಿತ್ತು. ವೆಲ್ಷ್‌ಪೂಲ್‌ನ ಗೋದಾಮಿನಲ್ಲಿ ಯಾವ ಲಾರಿಗೆ ಯಾವ ಸರಕು, ಯಾವುದು ಮೊದಲು ಯಾವುದು ಆಮೇಲೆ ಎಂದು ತೀರ್ಮಾನಿಸುವ ಕೆಲಸ ಅವನದು. ಹನ್ನೆರಡು ವರ್ಷದಲ್ಲಿ ಒಂದೇ ಒಂದು ಲಾರಿ ತಪ್ಪು ದಾರಿ ಹಿಡಿದಿಲ್ಲ ಎನ್ನುವುದು ಅವನ ಹೆಮ್ಮೆ, ಅದು ನಿಜವೂ ಹೌದು. ಆಟದ ನಿಯಮದ ಪುಸ್ತಕವನ್ನೂ ಹಾಗೇ ಓದುತ್ತಾನೆ, ಓದಿದ ಪ್ರತಿ ಪುಟದ ಮೂಲೆಗೆ ಪೆನ್ಸಿಲಿನಲ್ಲಿ ಒಂದು ಗೀಟು. ಇಂಥವನು ಮನೆಯಲ್ಲಿದ್ದರೆ ಮನೆಯವರು ಓದುವುದನ್ನೇ ಬಿಡುತ್ತಾರೆ. ಫ್ಲೋರಾ ಬಿಟ್ಟಿದ್ದಳು, ಅಥವಾ ಬಿಟ್ಟವಳಂತೆ ಇದ್ದಳು. ಬಹರೇನ್‌ನಲ್ಲಿದ್ದ ಹದಿನಾಲ್ಕು ವರ್ಷ ಶುಕ್ರವಾರದ ರಮ್ಮಿ ಆಟಕ್ಕೆ ಚಹಾ ಮಾಡಿಕೊಟ್ಟವಳು, ಇಲ್ಲಿಗೆ ಬಂದ ಮೇಲೆ ನಾಲ್ಕನೆಯವರು ಯಾರೂ ಸಿಗದ ದಿನ ಕುರ್ಚಿ ತುಂಬಿಸಲು ಕೂತವಳು. ಒಮ್ಮೆ ಗೆದ್ದಾಗ ಗಿಲ್ಬರ್ಟ್, "ನೋಡು, ನಾನು ಹೇಳಿಕೊಟ್ಟದ್ದು ಹೇಗುಂಟು!" ಅಂದಿದ್ದ. ಪ್ರೀತಿಯಿಂದಲೇ ಅಂದಿದ್ದು. ಅದೇ ಅವಳಿಗೆ ಹೆಚ್ಚು ಚುಚ್ಚಿತ್ತು.

ಗಿಲ್ಬರ್ಟ್ ಬೆಳಗಿನ ಜಾವ ನಾಲ್ಕೂವರೆಗೆ ಕೆಲಸಕ್ಕೆ ಹೊರಡುತ್ತಾನೆ. ಫ್ಲೋರಾಳಿಗೆ ವೃದ್ಧಾಶ್ರಮದ ಕೆಲಸ ಮಧ್ಯಾಹ್ನದಿಂದ. ನಡುವಿನ ಹೊತ್ತಿನಲ್ಲಿ ಇಸ್ತ್ರಿ ಮೇಜಿನ ಮೇಲೆ ಮೂರು ವರ್ಷ ಕೂತು ಅವಳು ಆಟ ಕಟ್ಟಿದ್ದಳು. ಗಟ್ಟಿ ಕಾಗದ ಕತ್ತರಿಸಿ ಇನ್ನೂರ ನಲವತ್ತು ಪುಟ್ಟ ಹಂಚುಗಳನ್ನು ಮಾಡಿದ್ದಳು. ಬ್ರಿಸ್ಬೇನ್‌ನಲ್ಲಿರುವ ತಂಗಿ ಕ್ಯಾರೋಲ್ ನಿಯಮಗಳನ್ನು ಟೈಪ್ ಮಾಡಿ, ಪುಸ್ತಕ ಹೊಲಿಸಿ, ಅಲ್ಲಿಂದಲೇ ಡಬ್ಬಿಯನ್ನು ಮೂರೂ ಊರು ಸುತ್ತಲು ಬಿಟ್ಟಿದ್ದಳು. ಫ್ಲೋರಾಳಿಗೆ ಪ್ರಕಾಶಕರು ಬೇಕಿತ್ತು, ಸುಳ್ಳೇಕೆ. ಆದರೆ ಅದಕ್ಕಿಂತ ಹೆಚ್ಚಾಗಿ, ಯಾರದೆಂದು ತಿಳಿಯದೆ ಗಿಲ್ಬರ್ಟ್ ಆಡಬೇಕು, ಆಡಿ ಏನನ್ನಿಸಿತೋ ಅದನ್ನು ಹೇಳಬೇಕು ಎನ್ನುವುದು ಅವಳ ಆಸೆ.

"ಸರಿ, ಕೇಳಿ. ಮುಗಿಯುವವರೆಗೆ ಯಾರೂ ಮಧ್ಯೆ ಮಾತಾಡುವ ಹಾಗಿಲ್ಲ," ಎಂದು ಗಿಲ್ಬರ್ಟ್ ಶುರು ಮಾಡಿದ.

ಎದುರಿಗೆ ಅವನದೇ ಗೋದಾಮಿನಲ್ಲಿ ಕೆಲಸ ಮಾಡುವ ಗೆಳೆಯ ಕ್ಲೈವ್. ಪಕ್ಕದಲ್ಲಿ ದಾವಣಗೆರೆಯ ಅಪೂರ್ವ, ಓದುತ್ತ ಪೆಟ್ರೋಲ್ ಬಂಕಿನಲ್ಲಿ ದುಡಿಯುವ ಹುಡುಗಿ. ಗಿಲ್ಬರ್ಟ್ ಚೆನ್ನಾಗಿಯೇ ಹೇಳಿಕೊಟ್ಟ. ಮಣ್ಣು ತರುವುದು, ಹಂಚು ಒತ್ತುವುದು, ಅಂಗಳದಲ್ಲಿ ಒಣಗಿಸುವುದು, ಗೂಡಿನಲ್ಲಿ ಸುಡುವುದು, ಮಂಜಿಗೆ ಹೇರುವುದು. ಎಲ್ಲರಿಗೂ ಒಂದೊಂದು ಕಾರ್ಖಾನೆ, ಹಂಚು ನೆನೆಯದಂತೆ ಇಡಲು ಒಂದೊಂದು ಚಪ್ಪರ. ಫ್ಲೋರಾ ಪುಟ ಎಣಿಸುತ್ತಿದ್ದಳು. ಎಂಟು, ಒಂಬತ್ತು, ಹತ್ತು. ಒಂದು ಮಾತೂ ಎಡವಿರಲಿಲ್ಲ.

"ಸುತ್ತಿನ ಕೊನೆಗೆ ಮಳೆ," ಎಂದ ಗಿಲ್ಬರ್ಟ್, ಪುಸ್ತಕ ನೋಡದೆ. "ಅಂಗಳದಲ್ಲಿ ಉಳಿದ ಹಸಿ ಹಂಚೆಲ್ಲ ಕರಗಿಹೋಯ್ತು, ತೆಗೆದು ಡಬ್ಬಿಗೆ ಹಾಕಿ. ಇಂಥ ಆಟದಲ್ಲೆಲ್ಲ ಹೀಗೇ ಅಲ್ವಾ. ಮುಂದೆ, ಪುಟ ಹನ್ನೆರಡು."

ಫ್ಲೋರಾ ಪುಸ್ತಕದತ್ತ ಬಗ್ಗಿ ನೋಡಿದಳು. ಹನ್ನೊಂದನೇ ಪುಟದ ಮೂಲೆಯಲ್ಲಿ ಪೆನ್ಸಿಲ್ ಗೀಟು ಇರಲಿಲ್ಲ. ಗೋದಾಮಿನ ಸ್ಮೋಕೊ ಬಿಡುವಿನಲ್ಲಿ ಚಹಾ ಕುಡಿಯುತ್ತ ಓದಿದ್ದನೋ ಏನೋ. ಮೇಲಿನ 'ಮಳೆ' ಎಂಬ ತಲೆಬರಹ ನೋಡಿ, ಗೊತ್ತಿರುವುದೇ ಎಂದು ಪುಟ ತಿರುವಿಬಿಟ್ಟಿದ್ದ. ನೂರಾರು ಆಟ ಆಡಿದವರು ಮಾತ್ರ ಮಾಡುವ ತಪ್ಪು ಅದು. ಹೊಸಬನಾಗಿದ್ದರೆ ಓದುತ್ತಿದ್ದ.

ಆಟದ ಜೀವ ಇದ್ದದ್ದೇ ಆ ಪುಟದಲ್ಲಿ. ಫ್ಲೋರಾಳ ಅಮ್ಮ ನೇತ್ರಾವತಿ ನದಿಯ ದಡದ ಹಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡಿದವಳು. ಅಕಾಲದಲ್ಲಿ ಮಳೆ ಹನಿದರೆ ಪಕ್ಕದ ಕಾರ್ಖಾನೆಯ ಹೆಂಗಸರೂ ಸೀರೆ ಎತ್ತಿ ಕಟ್ಟಿಕೊಂಡು ಓಡಿಬರುತ್ತಿದ್ದರು. ಯಾರ ಹಂಚು, ಯಾರ ಚಪ್ಪರ ಎಂದು ನೋಡದೆ ಒಳಗೆ ಸಾಗಿಸುತ್ತಿದ್ದರು. ಮಾಲೀಕರು ಲೆಕ್ಕ ಆಮೇಲೆ ನೋಡಿಕೊಳ್ಳುತ್ತಿದ್ದರು. ಆ ಓಟವನ್ನೇ ಫ್ಲೋರಾ ಒಂದು ಪುಟದ ನಿಯಮ ಮಾಡಿದ್ದಳು. ಅದನ್ನು ತೆಗೆದರೆ ಉಳಿಯುವುದು ಬರೀ ಹಾಳು ಮಳೆ.

ಫ್ಲೋರಾ ಪುಸ್ತಕದತ್ತ ಬೆರಳು ತೋರಿಸಿದಳು. "ಗಿಲ್ಬರ್ಟ್, ಆ ಹನ್ನೊಂದನೇ ಪುಟ ಒಮ್ಮೆ ಓದಿ ನೋಡ್ತೀಯಾ?"

"ಎಂತ ಡೌಟು? ಎರಡು ಸರ್ತಿ ಓದಿದ್ದೇನೆ ಮಾರಾಯ್ತಿ. ಮುಗಿಯುವವರೆಗೆ ಸ್ವಲ್ಪ ತಡಿ."

ಕ್ಲೈವ್ ನಕ್ಕ. ಇನ್ನೊಮ್ಮೆ ಕೇಳಿದರೆ, ಆ ಪುಟವೇ ಯಾಕೆ ಎಂದು ಗಿಲ್ಬರ್ಟ್ ಕೇಳುತ್ತಾನೆ. ಅವನು ಬಿಡುವವನಲ್ಲ, ಹೆಸರು ಹೊರಬಿದ್ದೇ ಬೀಳುತ್ತದೆ. ಫ್ಲೋರಾ ಬಾಯಿ ಮುಚ್ಚಿಕೊಂಡಳು.

ಮೊದಲ ಮಳೆಗೆ ಅಪೂರ್ವಳ ಒಂಬತ್ತು ಹಂಚು ಹೋದವು. ಎರಡನೆಯದಕ್ಕೆ ಕ್ಲೈವ್‌ನ ಹನ್ನೊಂದು. ಫ್ಲೋರಾಳ ಚಪ್ಪರ ಅರ್ಧ ಖಾಲಿ ಬಿದ್ದಿತ್ತು. ಬೇರೆಯವರ ಹಂಚು ಬಂದು ಕೂರಲಿ ಎಂದು ಅಭ್ಯಾಸಬಲದಿಂದ ದೊಡ್ಡದಾಗಿ ಕಟ್ಟಿಕೊಂಡಿದ್ದಳು. ಈಗ ಅದನ್ನು ನೋಡಿ ಗಿಲ್ಬರ್ಟ್, "ಇಷ್ಟು ದೊಡ್ಡ ಚಪ್ಪರ ಯಾಕೆ? ಮದುವೆ ಉಂಟಾ?" ಎಂದು ತಮಾಷೆ ಮಾಡಿದ. ಅವಳೂ ನಕ್ಕಳು. ನಗದೆ ಇನ್ನೇನು ಮಾಡುವುದು?

ಮೂರನೇ ಸುತ್ತಿನ ಹೊತ್ತಿಗೆ ಮಧ್ಯಾಹ್ನದ ಊಟ ಮುಗಿದು ಟೇಬಲ್ ಮಂಕಾಗಿತ್ತು. ಗಿಲ್ಬರ್ಟ್ ಎಲ್ಲರಿಗಿಂತ ಮುಂದೆ ಓಡುತ್ತಿದ್ದ. ಹಿಂದೆ ಬಿದ್ದವರಿಗೆ ಮೇಲೇಳುವ ದಾರಿಯೇ ಇರಲಿಲ್ಲ. ಅಪೂರ್ವ ಬೇಸರಕ್ಕೆ ನಿಯಮದ ಪುಸ್ತಕ ಎಳೆದುಕೊಂಡು ಹಾಳೆ ಮಗುಚತೊಡಗಿದಳು. ಏಳು, ಎಂಟು. ಫ್ಲೋರಾ ಮತ್ತೆ ಎಣಿಸತೊಡಗಿದಳು. ಒಂಬತ್ತು. ಇನ್ನೊಂದು ಹಾಳೆ, ಒಂದೇ ಒಂದು.

"ಆಟದ ಮಧ್ಯೆ ಪುಸ್ತಕ ಬೇಡ ಅಪೂರ್ವ, ಡೌಟಿದ್ರೆ ನನ್ನ ಕೇಳು," ಎಂದು ಗಿಲ್ಬರ್ಟ್ ಅದನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡ.

"ಡೌಟ್ ಏನಿಲ್ಲ ಅಂಕಲ್. ಇಡೀ ಆಫ್ಟರ್‌ನೂನ್ ಬರೀ ಹಂಚು ಕಳ್ಕೊಂಡೇ ಹೋಯ್ತು, ಅಷ್ಟೇ."

ಫ್ಲೋರಾಳಿಗೆ ಸಿಟ್ಟು ನೆತ್ತಿಗೇರಿತು. ಗಿಲ್ಬರ್ಟ್ ಮೇಲಲ್ಲ, ತನ್ನ ಮೇಲೆ. ಇವನು ಗದರುವವನಲ್ಲ, ಹೊಡೆಯುವವನಲ್ಲ. ಆದರೂ ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯಾದರೂ 'ನೀನು ಹೇಳಿದ್ದು ತಪ್ಪು' ಎಂದು ನಾಲ್ಕು ಜನರ ಮುಂದೆ ಹೇಳಿದ್ದೆನೇ? ಹೇಳಿದ್ದರೆ ಇವತ್ತಿನ ಮಾತು ಯಾರಿಗೂ ವಿಚಿತ್ರ ಅನ್ನಿಸುತ್ತಿರಲಿಲ್ಲ. ಗಂಡ ಹೆಂಡತಿಯ ಮಾಮೂಲಿ ಜಗಳ ಎಂದುಕೊಂಡು ಎಲ್ಲರೂ ಪುಟ ತೆಗೆದು ನೋಡುತ್ತಿದ್ದರು.

ಆರಕ್ಕೆ ಹತ್ತು ನಿಮಿಷ ಇರುವಾಗ ಆಟ ಮುಗಿಯಿತು. ಗಿಲ್ಬರ್ಟ್ ಗೆದ್ದ. ಗೆದ್ದವನ ಮುಖದಲ್ಲೂ ಕಳೆ ಇರಲಿಲ್ಲ. ಅಪೂರ್ವಳನ್ನು, ಕ್ಲೈವ್‌ನನ್ನು ಕೇಳಿ, ಫ್ಲೋರಾಳನ್ನೂ ಕೇಳಿದ. "ನಿನಗೆ ಹೇಗನಿಸ್ತು?"

"ಮಳೆ ಸರಿ ಇಲ್ಲ," ಎಂದಳು ಫ್ಲೋರಾ.

"ಅದನ್ನೇ ನಾನೂ ಹೇಳುವುದು," ಎಂದು ಅವನು ಫೋನ್ ತೆಗೆದ. ರೆಕಾರ್ಡ್ ಮಾಡಿ, ಟೇಬಲ್‌ಗೆ ಒಮ್ಮೆ ಕೇಳಿಸಿ, ಆಮೇಲೆ ಕಳಿಸುವುದು ಅವನ ಪದ್ಧತಿ. ಅವನ ದನಿ ಫೋನಿನಿಂದ ಬಂತು:

"ಪರ್ತ್ ಟೇಬಲ್. ಆಟದ ಹೆಸರು ಮಂಜಿ. ಕೆಲಸ ನಾಜೂಕಿನದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಟಕ್ಕೆ ಕರುಳಿಲ್ಲ. ಮೊದಲು ಬಿದ್ದವ ಕೊನೆಯವರೆಗೂ ಬಿದ್ದೇ ಇರ್ತಾನೆ. ಇದನ್ನು ಮಾಡಿದವರು ಮಳೆಯನ್ನು ಕಿಟಕಿಯಲ್ಲಿ ಕೂತು ನೋಡಿದವರು ಅಂತ ಕಾಣ್ತದೆ. ನಮ್ಮ ಅಭಿಪ್ರಾಯ, ಬೇಡ."

ಅವನ ಹೆಬ್ಬೆರಳು ಕಳಿಸುವ ಗುಂಡಿಯ ಮೇಲಿತ್ತು. ಗಂಟೆ ಆರಾಗಿ ಐದು ನಿಮಿಷ.

ಫ್ಲೋರಾಳ ಕಣ್ಣ ಮುಂದೆ ಅಮ್ಮನ ಕೈ ಬಂತು, ಒದ್ದೆ ಮಣ್ಣು ಉಗುರಿಗೆ ಹತ್ತಿದ ಕೈ. ಉಳಿದದ್ದೆಲ್ಲ ನುಂಗಿಕೊಂಡಾಳು, ಆ ಕಿಟಕಿಯ ಮಾತನ್ನು ನುಂಗಲು ಅವಳಿಂದ ಆಗಲಿಲ್ಲ.

"ಪುಟ ಹನ್ನೊಂದು," ಎಂದಳು. ಪುಸ್ತಕ ಇನ್ನೂ ಗಿಲ್ಬರ್ಟ್‌ನ ತೊಡೆಯ ಮೇಲೇ ಇತ್ತು. ಅವಳು ಅವನ ಮುಖವನ್ನೇ ನೋಡುತ್ತ, ಒಂದಕ್ಷರ ತಡವರಿಸದೆ ಹೇಳಿದಳು. "ಮಳೆ ಬಂದಾಗ ಅಂಗಳದಲ್ಲಿ ಉಳಿದ ಹಸಿ ಹಂಚನ್ನು ಯಾರ ಚಪ್ಪರದಲ್ಲಿ ಜಾಗವಿದೆಯೋ ಅಲ್ಲಿ ಇಡಬಹುದು. ಇಡುವ ಮೊದಲು ಬಾಯಿಬಿಟ್ಟು ಕೇಳಬೇಕು. ಕೇಳಿದವರಿಗೆ ಇಲ್ಲ ಎನ್ನುವಂತಿಲ್ಲ. ಹಾಗೆ ಉಳಿದ ಪ್ರತಿ ಮೂರು ಹಂಚಿನಲ್ಲಿ ಒಂದು ಚಪ್ಪರದವರದು. ಯಾರೂ ಕೇಳದೆ ಹೋದ ಹಂಚು ಮಾತ್ರ ಕರಗುತ್ತದೆ."

ಅಪೂರ್ವ ಪುಸ್ತಕ ಎಳೆದುಕೊಂಡು ಪುಟ ತೆಗೆದಳು. ಓದಿದಳು. ತಲೆ ಎತ್ತಿ ಮೊದಲು ಗಿಲ್ಬರ್ಟ್‌ನನ್ನು, ಆಮೇಲೆ ಫ್ಲೋರಾಳನ್ನು ನೋಡಿದಳು. "ಆಂಟಿ, ಇದು ನಿಮ್ಮದಾ?"

ಗಿಲ್ಬರ್ಟ್ ಪುಟದ ಖಾಲಿ ಮೂಲೆಯನ್ನೇ ನೋಡುತ್ತಿದ್ದ. ಅವನ ಕಿವಿ ಕೆಂಪಾಗಿತ್ತು. ಬೆಳಗಿನಿಂದ ಸಂಜೆಯವರೆಗೆ ಅವನು ನಡೆಸಿದ್ದು ಬೇರೆ ಯಾವುದೋ ಆಟವನ್ನು. ಅದೂ ಯಾರ ಎದುರಿಗೆ! ಅವನು ರೆಕಾರ್ಡ್ ಅಳಿಸಿದ.

"ಇಲ್ಲಿ ನಾವು ನಾಲ್ಕೇ ಜನ," ಎಂದ ಕೊನೆಗೆ, ಸಣ್ಣ ದನಿಯಲ್ಲಿ. "ಯಾರೂ ಏನೂ ಕೇಳಿಸಿಕೊಂಡಿಲ್ಲ. ಪರ್ತ್‌ಗೆ ಒಪ್ಪಿಗೆ ಅಂತ ಕಳಿಸ್ತೇನೆ."

ಕ್ಲೈವ್ ಕುರ್ಚಿಯಲ್ಲಿ ನೆಟ್ಟಗಾದ. ಹಿಂದೊಮ್ಮೆ ಒಂದು ಡಬ್ಬಿಯ ಹೆಸರು ಹೇಗೋ ಹೊರಬಿದ್ದಾಗ, ಅದು ತನ್ನ ಖಾಸಾ ಗೆಳೆಯನದಾದರೂ ಇದೇ ಗಿಲ್ಬರ್ಟ್ ಮುಲಾಜಿಲ್ಲದೆ ಔಟ್ ಮಾಡಿಸಿದ್ದ. ಅಂಥವನು ಹೆಂಡತಿಗಾಗಿ ಸುಳ್ಳು ಹೇಳಲು ನಿಂತಿದ್ದ. ಫ್ಲೋರಾಳ ಕಣ್ಣು ತುಂಬಿಬಂತು. ಗಡಿಯಾರ ಆರೂ ಹದಿನೈದು ತೋರಿಸುತ್ತಿತ್ತು. ಹೂಂ ಎಂದರೆ ಸಾಕು, ಮೂರು ವರ್ಷದ ಕೆಲಸ ಮೆಲ್ಬರ್ನ್ ತಲುಪುತ್ತದೆ. ಅವಳಿಗೆ ಹೂಂ ಅನ್ನುವ ಆಸೆ ಬಲವಾಗಿಯೇ ಇತ್ತು.

"ಆಡಿದ್ದೀಯಾ ನೀನು?" ಎಂದು ಕೇಳಿದಳು.

"ಎಂತ?"

"ಈ ಆಟ. ಆಡಿದ್ದೀಯಾ? ಇಲ್ಲ ಅಲ್ವಾ? ಹಾಗಾದ್ರೆ ಎಂತದಕ್ಕೆ ಒಪ್ಪಿಗೆ? ಓದದೆ ಬೇಡ ಅಂದದ್ದು ತಪ್ಪಾದ್ರೆ, ಆಡದೆ ಬೇಕು ಅನ್ನುವುದು ಹೇಗೆ ಸರಿ ಆಗ್ತದೆ? ನಿನ್ನ ದಾಕ್ಷಿಣ್ಯ ನನಗೆ ಬೇಡ ಗಿಲ್ಬರ್ಟ್. ದಾಕ್ಷಿಣ್ಯ ಬೇಕಿದ್ರೆ ಮೂರು ವರ್ಷ ಯಾಕೆ ಮುಚ್ಚಿಡ್ತಿದ್ದೆ? ನಿನಗೆ ಎಂತ ಅನಿಸ್ತದೆ ಅಂತ ನನಗೆ ಬೇಕು."

ಅವನು ಏನೋ ಹೇಳಹೋದ. ಅವಳು ಕೈ ಚಾಚಿ ಫೋನ್ ತೆಗೆದುಕೊಂಡು, ಗುಂಡಿ ಒತ್ತಿ, ಅವನು ಹೇಳುವಂತೆಯೇ ಶುರು ಮಾಡಿದಳು. "ಪರ್ತ್ ಟೇಬಲ್. ನಾವು ಒಂದು ನಿಯಮ ತಪ್ಪಾಗಿ ಆಡಿದೆವು, ಹಾಗಾಗಿ ಅಭಿಪ್ರಾಯ ಇಲ್ಲ. ಮತ್ತೊಂದು ವಿಷಯ ಯಶವಂತ. ಮಂಜಿ ಮಾಡಿದ್ದು ನಾನು, ಫ್ಲೋರಾ." ಅವಳು ಅದನ್ನು ಟೇಬಲ್‌ಗೆ ಮತ್ತೆ ಕೇಳಿಸಲಿಲ್ಲ, ನೇರ ಕಳಿಸಿಬಿಟ್ಟಳು.

ಉತ್ತರ ಬರಲು ಐದು ನಿಮಿಷ ಹಿಡಿಯಿತು. ಡಬ್ಬಿ ಈ ವರ್ಷಕ್ಕೆ ಔಟ್, ಬೇಜಾರು ಮಾಡ್ಕೋಬೇಡಿ ಫ್ಲೋರಾ ಆಂಟಿ, ಎಂದು ಯಶವಂತ ಬರೆದಿದ್ದ. ಬೇಜಾರು ಆಗಿಯೇ ಆಯಿತು. ಅವಳು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ಮುಖಕ್ಕೆ ನೀರು ಹಾಕಿಕೊಂಡು, ಸ್ವಲ್ಪ ಹೊತ್ತು ಅಲ್ಲೇ ನಿಂತಳು.

ವಾಪಸು ಬಂದಾಗ ಮೇಜಿನ ಮೇಲೆ ಹಂಚುಗಳೆಲ್ಲ ಮೊದಲಿನ ಜಾಗಕ್ಕೆ ಬಂದಿದ್ದವು. ಅಪೂರ್ವ ಮಣ್ಣಿನ ಬಿಲ್ಲೆ ಜೋಡಿಸುತ್ತಿದ್ದಳು, ಕ್ಲೈವ್ ಮನೆಗೆ ಫೋನ್ ಮಾಡಿ ತಡವಾಗುತ್ತದೆ ಎನ್ನುತ್ತಿದ್ದ. ಗಿಲ್ಬರ್ಟ್ ಯಾವಾಗಲೂ ಕೂರುವ ತುದಿಯ ಕುರ್ಚಿ ಖಾಲಿ ಇತ್ತು. ಅವನು ಪಕ್ಕದ ಕುರ್ಚಿಯಲ್ಲಿ, ಫ್ಲೋರಾಳ ಜಾಗದಲ್ಲಿ, ಕೈ ಕಟ್ಟಿ ಕೂತಿದ್ದ. ನಿಯಮದ ಪುಸ್ತಕವನ್ನು ಮೇಜಿನ ಆ ತುದಿಗೆ ಸರಿಸಿಟ್ಟಿದ್ದ.

ಫ್ಲೋರಾ ಹೋಗಿ ತುದಿಯ ಕುರ್ಚಿಯಲ್ಲಿ ಕೂತಳು. ಮೊದಲ ಪುಟ ತೆರೆದಳು. ಮಣ್ಣು ತರುವುದನ್ನು ಹೇಳಿ, ಹಂಚು ಒತ್ತುವುದಕ್ಕೆ ಬರುವಷ್ಟರಲ್ಲಿ ಗಿಲ್ಬರ್ಟ್ ಬಾಯಿ ತೆರೆದ.

"ಅಲ್ಲ ಫ್ಲೋರಾ, ಇದರಲ್ಲಿ..."

"ಗಿಲ್ಬರ್ಟ್," ಎಂದಳು ಅವಳು, ಪುಸ್ತಕದಿಂದ ಕಣ್ಣು ಎತ್ತದೆ. "ಮುಗಿಯುವವರೆಗೆ ಯಾರೂ ಮಧ್ಯೆ ಮಾತಾಡುವ ಹಾಗಿಲ್ಲ."